ಸಿಂಟರ್ಡ್ ಶಿಲಾಫಲಕ ಮೀಮಾಂಸೆ

ಗೃಹದ ಒಲೆಕಟ್ಟೆ, ನೆಲ, ಭಿತ್ತಿಗಳ ಆಚ್ಛಾದನಕ್ಕೆ ಬಳಸುವ ಸಿಂಟರ್ಡ್ ಸ್ಟೋನ್ ಇಲ್ಲಿ ವಿಚಾರವಿಷಯ. ಜೇಡಿ, ಫೆಲ್ಡ್‌ಸ್ಪಾರ್, ಸಿಲಿಕಾ ಹಾಗೂ ವರ್ಣಕಾರಕ ಆಕ್ಸೈಡುಗಳ ಚೂರ್ಣವು ರಾಳದ ಬಂಧವಿಲ್ಲದೆ, ಮಹಾಪೀಡನದಿಂದಲೂ ಸುಮಾರು 1200 ಡಿಗ್ರಿ ಸೆಲ್ಸಿಯಸ್ ತಾಪದಿಂದಲೂ ಏಕೀಭವಿಸಿದ ಬೃಹತ್ ಫಲಕವೆಂಬುದು ಅದರ ಲಕ್ಷಣ. 'ರಾಳದ ಬಂಧವಿಲ್ಲದೆ' ಎಂಬುದರಿಂದ ಕ್ವಾರ್ಟ್ಜ್ ಫಲಕವು ವ್ಯಾವೃತ್ತವಾಗುತ್ತದೆ. 'ಚೂರ್ಣ' ಎಂಬುದರಿಂದ ಇಳಕಲ್ಲಿನ ಗ್ರಾನೈಟೂ ಶಹಾಬಾದಿನ ಫರಸಿಯೂ.

ಈ ಲಕ್ಷಣವು ವಿಟ್ರಿಫೈಡ್ ಟೈಲಿನಲ್ಲಿ ಅತಿವ್ಯಾಪ್ತವಲ್ಲವೇ ಎಂದರೆ, ಇಷ್ಟಾಪತ್ತಿ. ಇವೆರಡೂ ಸಜಾತೀಯವೇ, ಭೇದವಿರುವುದು ಪರಿಮಾಣದಲ್ಲಿ, ಪೀಡನದ ತಾರತಮ್ಯದಲ್ಲಿ. ಬೆಲೆಯ ಭೇದವನ್ನೇ ಜಾತಿಭೇದವೆಂದು ವರ್ಣಿಸುವ ವ್ಯಾಪಾರಿಯ ವಾಕ್ಯವು ಅರ್ಥವಾದ. ಅದರಲ್ಲಿ ವಿಧಿಯನ್ನು ಹುಡುಕತಕ್ಕದ್ದಲ್ಲ.

ವರ್ಣದೃಷ್ಟಿಯಿಂದ ಇದು ದ್ವಿವಿಧ: ಚಿತ್ರವು ಮೇಲ್ಮೈಯಲ್ಲಿ ಮಾತ್ರ ಮುದ್ರಿತವಾದದ್ದು, ವರ್ಣವು ಗರ್ಭದವರೆಗೂ ವ್ಯಾಪಿಸಿದ್ದು. ಮೊದಲನೆಯದರ ಅಂಚನ್ನು ತೆರೆದಿಟ್ಟರೆ ಬೋಳು ಒಡಲು ಕಾಣುತ್ತದೆ. ಅಲ್ಲಿ ಎರಡು ಅಂಚುಗಳನ್ನು ಓರೆಯಾಗಿ ಕೊಯ್ದು ಕೂಡಿಸುವುದು ಅವಶ್ಯ. ದಪ್ಪದಿಂದ 6, 12, 20 ಮಿಲಿಮೀಟರ್ ಮೊದಲಾದ ಪ್ರಭೇದಗಳಿವೆ. ಭಿತ್ತಿಗೆ 6 ಸಾಕು, ಒಲೆಕಟ್ಟೆಗೆ 12ಕ್ಕಿಂತ ಕಡಿಮೆ ಸಲ್ಲದು.

ಪೂರ್ವಪಕ್ಷ: ಅಥಣಿ ಸೀಮೆಯ ಅನಂತಪುರದಂಥ ಊರಲ್ಲಿ ಫರಸಿ, ಕಡಪಾ, ಗ್ರಾನೈಟುಗಳು ಸುಲಭಲಭ್ಯ, ಈ ಕೃತಕದ್ರವ್ಯದಿಂದೇನು? ಉತ್ತರದಲ್ಲಿ ವಿಭಾಗ ಅಗತ್ಯ. ಫರಸಿ, ಕಡಪಾಗಳು ಸುಣ್ಣಶಿಲೆಗಳು. ಹುಣಸೆಯ ರಸ, ನಿಂಬೆಯ ಹುಳಿ ಅವುಗಳ ಹೊಳಪನ್ನು ತಿನ್ನುತ್ತವೆ. ಅಲ್ಲಿ ಸಿಂಟರ್ಡ್ ಫಲಕಕ್ಕೆ ಜಯ. ಗ್ರಾನೈಟಿನ ವಿಷಯದಲ್ಲಿ ಹಾಗಲ್ಲ. ರೊಟ್ಟಿಯ ಬಿಸಿ ಹಂಚನ್ನೂ ಹುಳಿಯನ್ನೂ ಅದು ತಾಳುತ್ತದೆ. ಅರಿಷಿಣ ಎಣ್ಣೆಗಳನ್ನು ಕಿಂಚಿತ್ ಹೀರುವುದಷ್ಟೇ ಅದರ ನ್ಯೂನತೆ. ಆದ್ದರಿಂದ ಒಲೆಕಟ್ಟೆಗೆ ಗ್ರಾನೈಟು ವಿಕಲ್ಪವಾಗಿ ಪ್ರಾಪ್ತವೇ. ಬಿಸಿಗೆ ಮಸಕಾಗುವುದೂ ಬಿಸಿಲಿಗೆ ಹಳದಿಯಾಗುವುದೂ ರಾಳಯುಕ್ತವಾದ ಕ್ವಾರ್ಟ್ಜಿನ ದೋಷ, ಗ್ರಾನೈಟಿನದಲ್ಲ.

ಇನ್ನೊಬ್ಬ ಪೂರ್ವಪಕ್ಷಿ: ಚೂರಿಗೂ ಗೀರು ಬೀಳದಷ್ಟು ಕಠಿನವಾದದ್ದು ಒಡೆಯಲಾರದು. ಈ ಹೇತು ವ್ಯಭಿಚಾರಿ, ಗಾಜೇ ಪ್ರತ್ಯುದಾಹರಣೆ. ಕಾಠಿನ್ಯವು ಗೀರಿಗೆ ಪ್ರತಿರೋಧ, ದಾರ್ಢ್ಯವು ಆಘಾತಕ್ಕೆ ಪ್ರತಿರೋಧ. ಶೇಂಗಾ ಚಟ್ನಿ ಕುಟ್ಟುವ ಒರಳನ್ನು ಈ ಫಲಕದ ಮೇಲಿಡುವುದು ನಿಷಿದ್ಧ.

ಇಲ್ಲಿಯೇ ಸೂಕ್ಷ್ಮವಾದ ಸಂಶಯವೊಂದುಂಟು. ಹೀರದಿರುವಿಕೆಯು ಗುಣವೋ ದೋಷವೋ? ಆಶ್ರಯಭೇದದಿಂದ ಎರಡೂ. ನೀರು ಶೇಕಡಾ 0.5ಕ್ಕಿಂತಲೂ ಕಡಿಮೆ ಒಳಹೋಗುವುದರಿಂದ ಮೇಲ್ಮೈಯಲ್ಲಿ ಕಲೆ ನಿಲ್ಲದು; ಅದೇ ಕಾರಣದಿಂದ ಕೆಳಮೈಯನ್ನು ಸಿಮೆಂಟ್ ಹಾಲು ಹಿಡಿಯದು. ಪಾಲಿಮರ್ ಬೆರೆತ ಅಂಟನ್ನು ಪೂರ್ತಿ ಹರಡತಕ್ಕದ್ದು. ಅಲ್ಲಲ್ಲಿ ಮುದ್ದೆಯಿಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿದು, ಭಾರ ಬಿದ್ದಲ್ಲಿ ಬಿರುಕು. ಅನಂತಪುರದ ಸುತ್ತಲಿನ ಎರೆಭೂಮಿಯಲ್ಲಿ ಈ ವಿಚಾರ ಇನ್ನೂ ಗುರುತರ: ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದನ್ನು ಅಗೆದು ತೆಗೆದು, ಮರಮು ತುಂಬಿ ದಮ್ಮಸು ಮಾಡಿ ಕಾಂಕ್ರೀಟ್ ಹಾಕದ ನೆಲಕ್ಕೆ ತೆಳುಫಲಕವು ಅನರ್ಹ. ಅಂಥಲ್ಲಿ ಚಿಕ್ಕ ಚಿಕ್ಕ ಫರಸಿಯೇ ಮೇಲು. ಎದ್ದದ್ದನ್ನು ಕಿತ್ತು ಮರಳಿ ಕೂಡಿಸಬಹುದು.

ರಾಳರಹಿತವಾದ್ದರಿಂದ ಇದರ ಧೂಳು ನಿರಪಾಯವೆಂಬ ಮತವೂ ತ್ಯಾಜ್ಯ. ಆಸ್ಟ್ರೇಲಿಯಾವು 2024ರ ಜುಲೈ 1ರಿಂದ ನಿಷೇಧಿಸಿದ್ದು ಕ್ವಾರ್ಟ್ಜಿನಂಥ ರಾಳಯುಕ್ತ ಫಲಕಗಳನ್ನು. ಸಿಂಟರ್ಡ್ ಫಲಕವು ಆ ನಿಷೇಧದ ಹೊರಗಿದೆ. ಆದರೆ ನಿಷೇಧಾಭಾವವು ದೋಷಾಭಾವವಲ್ಲ: ಒಣಗೊಯ್ತದಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾರಕವೇ. ಸಿಂಕಿನ ತೂತನ್ನು ಮನೆಯ ಅಂಗಳದಲ್ಲಿ ಕೊಯ್ಯಿಸದೆ, ಕಾರ್ಖಾನೆಯಲ್ಲೇ ನೀರು ಹರಿಸುತ್ತ ತೆಗೆಸತಕ್ಕದ್ದು. ಅದರ ಒಳಮೂಲೆಗಳು ಚೂಪಾಗಿರದೆ ದುಂಡಗಿರಬೇಕು, ಬಿರುಕು ಹುಟ್ಟುವುದು ಅಲ್ಲಿಂದಲೇ.