ತರಂಗ ಎಲ್ಲರದು, ಪೆಟ್ಟಿಗೆ ಯಾರದು?

ಮನೆಯ ವೈಫೈ ರೂಟರ್ ನಾವು ಹಣ ಕೊಟ್ಟು ಕೊಂಡದ್ದು. ಅದು ಹೊಮ್ಮಿಸುವ ರೇಡಿಯೋ ತರಂಗ ಮಾತ್ರ ಗೋಡೆ ದಾಟಿ ಎಲ್ಲರಿಗೂ ಸೇರಿದ ಬಯಲಿಗೆ ಹೋಗುತ್ತದೆ. ಹಾಗಾದರೆ ಅದರೊಳಗಿನ ತಂತ್ರಾಂಶವನ್ನು ಬದಲಿಸುವ ಹಕ್ಕು ನಮಗಿದೆಯೇ?

ಅಮೆರಿಕದಲ್ಲಿ 5 ಗಿಗಾಹರ್ಟ್ಸ್‌ನ ಕೆಲವು ಉಪಕರಣಗಳು ವಿಮಾನ ನಿಲ್ದಾಣಗಳ ಹವಾಮಾನ ರಾಡಾರ್‌ಗೆ ಅಡ್ಡಿಯಾದವು. ಇಳಿಯುವ ವಿಮಾನಕ್ಕೆ ಗಾಳಿಯ ಹಠಾತ್ ಬದಲಾವಣೆಯನ್ನು ತಿಳಿಸುವ ರಾಡಾರ್ ಅದು, ಅಪಾಯ ಸಣ್ಣದಲ್ಲ. 2015ರಲ್ಲಿ ಅಲ್ಲಿನ ನಿಯಂತ್ರಕ ಎಫ್‌ಸಿಸಿಯ ಮಾರ್ಗಸೂಚಿಯೊಂದು, ಡಿಡಿ-ಡಬ್ಲ್ಯುಆರ್‌ಟಿಯಂಥ ಹೊರಗಿನ ತಂತ್ರಾಂಶ ಹಾಕದಂತೆ ಹೇಗೆ ತಡೆಯುತ್ತೀರಿ ಎಂದು ತಯಾರಕರನ್ನು ಕೇಳಿತು. ವಿರೋಧ ಬಂದ ಮೇಲೆ, ರೇಡಿಯೋ ಭಾಗ ಭದ್ರವಾಗಿದ್ದರೆ ಸಾಕೆಂದು ಅದನ್ನು ತಿದ್ದಿದರು. ಆದರೆ ಭಾಗಕ್ಕೆ ಬೀಗ ಹಾಕುವುದಕ್ಕಿಂತ ಇಡೀ ಪೆಟ್ಟಿಗೆಗೆ ಹಾಕುವುದು ಸುಲಭ. ಕಂಪನಿ ಕೈಬಿಟ್ಟ ಹಳೆಯ ರೂಟರ್‌ಗಳ ಭದ್ರತಾ ಲೋಪಗಳನ್ನು ಸರಿಪಡಿಸುವುದು ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ತಂತ್ರಾಂಶವೇ ಎಂಬುದು ಆಗ ಮರೆತುಹೋಗುತ್ತದೆ.

2016ರಲ್ಲಿ ಟಿಪಿ-ಲಿಂಕ್ 2 ಲಕ್ಷ ಡಾಲರ್ ತೆತ್ತಿತು. ದೇಶದ ಆಯ್ಕೆ ಬದಲಿಸಿದರೆ ಅದರ ಕೆಲವು ರೂಟರ್‌ಗಳು ಅನುಮತಿ ಮೀರಿದ ಶಕ್ತಿಯಲ್ಲಿ ಪ್ರಸಾರ ಮಾಡುತ್ತಿದ್ದವು. ಆ ಸೌಲಭ್ಯ ಕೊಟ್ಟದ್ದು ಕಂಪನಿಯೇ, ಹೊರಗಿನವರಲ್ಲ. ಅದೇ ಒಪ್ಪಂದದಲ್ಲಿ, ಮುಕ್ತ ತಂತ್ರಾಂಶಕ್ಕೂ ಅವಕಾಶವಿರುವ ದಾರಿ ಹುಡುಕಲು ಕಂಪನಿ ಒಪ್ಪಿತು.

ಹೊಲ ನಮ್ಮದೆಂದು ಪಕ್ಕದವರ ಪೈರು ಕೊಳೆಯುವಂತೆ ನೀರು ಬಿಡಲಾಗದು. ಹಾಗೆಂದು ರೈತನನ್ನೇ ಹೊಲದಿಂದ ಹೊರಗಿಟ್ಟರೆ ಬದು ಒಡೆದದ್ದನ್ನು ನೋಡುವವರು ಯಾರು? ಪ್ರಸಾರದ ಶಕ್ತಿಗೆ ಮಿತಿ ಇರಲಿ, ಮೀರಿದವರಿಗೆ ದಂಡವೂ ಇರಲಿ. ತನ್ನ ಪೆಟ್ಟಿಗೆ ಏನು ಮಾಡುತ್ತಿದೆ ಎಂದು ತೆರೆದು ನೋಡಲೂ ಆಗದವನಿಂದ ಹೊಣೆಗಾರಿಕೆಯನ್ನು ಹೇಗೆ ಕೇಳುವುದು?