ಕಾಜಾ ಹೊಲಿದ ಬೆರಳು

ನಮ್ಮ ಸೋದರಮಾವ ದರ್ಜಿ. ನಲವತ್ತು ವರ್ಷ ಶರ್ಟಿನ ಕಾಜಾಗಳನ್ನು ಕೈಯಲ್ಲೇ ಹೊಲಿದವರು. ಅವರ ದೊಡ್ಡಕರುಳಿನ ಗೆಡ್ಡೆ ತೆಗೆದ ಮೇಲೆ ವರದಿ ಬಂತು: ಎರಡನೇ ಹಂತ. ಗೆಡ್ಡೆ ಕರುಳಿನ ಗೋಡೆ ದಾಟಿತ್ತು, ದುಗ್ಧಗ್ರಂಥಿಗಳನ್ನು ಮುಟ್ಟಿರಲಿಲ್ಲ. ಈ ಹಂತದಲ್ಲಿ ಹೆಚ್ಚಿನವರಿಗೆ ಆಪರೇಷನ್ನೇ ಸಾಕು. ಕೆಲವರಲ್ಲಿ ಮಾತ್ರ ರೋಗ ಯಕೃತ್ತಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಆ ಕೆಲವರು ಯಾರೆಂದು ಮೊದಲೇ ತಿಳಿಯುವುದು ಕಷ್ಟ. ‘ಕೀಮೋ ಕೊಟ್ಟರೆ ಲಾಭ ಸ್ವಲ್ಪ, ಬೆರಳು ಜೋಮು ಹಿಡಿಯಬಹುದು. ಅವರನ್ನೇ ಕೇಳಿ’ ಎಂದರು ಡಾಕ್ಟರು.

ನಾನು ಕೇಳಲಿಲ್ಲ. ಓದುತ್ತಾ ಕೂತೆ.

ಆಗ ಕಣ್ಣಿಗೆ ಬಿದ್ದದ್ದು ಮೈಕ್ರೋ ಆರ್‌ಎನ್‌ಎ. ಸುಮಾರು 22 ಅಕ್ಷರಗಳ ತುಣುಕು. ತಾನು ಯಾವ ಪ್ರೋಟೀನನ್ನೂ ಕಟ್ಟದು, ಬೇರೆ ಜೀನ್‌ಗಳ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತದೆ. 1993ರಲ್ಲಿ ಸಣ್ಣದೊಂದು ಹುಳುವಿನಲ್ಲಿ ಇದರ ಜಾಡು ಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. 200 ಎಂಬ ಸಂಖ್ಯೆಯ ಕುಟುಂಬದ ತುಣುಕುಗಳು ಜೀವಕೋಶಗಳ ನಡುವಿನ ಹೊಲಿಗೆ ಬಿಚ್ಚದಂತೆ ಕಾಯುತ್ತವೆ. ಅವು ತಗ್ಗಿದರೆ ಕೋಶಗಳು ಸಡಿಲಗೊಂಡು, ರಕ್ತದೊಡನೆ ಹೊರಟು, ಯಕೃತ್ತಿನಲ್ಲಿ ನೆಲೆಸಬಲ್ಲವು. 21 ಎಂಬ ಸಂಖ್ಯೆಯ ತುಣುಕಿನ ಗುಣವೇ ಬೇರೆ. ಗೆಡ್ಡೆಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನೇ ಅದು ಅಡಗಿಸುತ್ತದೆ. ಮೇರಿಲ್ಯಾಂಡಿನ 84 ಮತ್ತು ಹಾಂಗ್‌ಕಾಂಗಿನ 113 ರೋಗಿಗಳ ಗೆಡ್ಡೆಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 21 ಹೆಚ್ಚಿದ್ದವರು ಬದುಕುಳಿದದ್ದು ಕಡಿಮೆ.

ಮಾವನ ಗೆಡ್ಡೆಯಲ್ಲಿ ಅದನ್ನು ಯಾರೂ ಅಳೆದಿರಲಿಲ್ಲ. ಅಳೆಸೋಣವೇ ಎಂದಾಗ ಡಾಕ್ಟರು, ‘ಅದು ಗುಂಪಿನ ಲೆಕ್ಕ. ಅದನ್ನು ನೋಡಿ ನಾವು ಒಬ್ಬರಿಗೆ ಔಷಧಿ ಬರೆಯುವುದಿಲ್ಲ’ ಎಂದರು. ಹೆದರಿಕೆ ಆಗಲೇ ಒಳಗೆ ಮನೆ ಮಾಡಿತ್ತು. ಕೀಮೋಗೆ ಅತ್ತೆಯನ್ನು ಒಪ್ಪಿಸಿದೆ. ಮಾವ ಒಪ್ಪಿದ್ದಾರೆ ಎಂದು ಡಾಕ್ಟರಿಗೆ ಹೇಳಿದೆ. ಮಾವನಿಗೆ ‘ಶಕ್ತಿಗೆ ಡ್ರಿಪ್’ ಎಂದೆ. ಎರಡೂ ಸುಳ್ಳು.

ಪ್ರೀತಿಯಿಂದಲೇ ಮಾಡಿದೆ, ನಿಜ. ಪ್ರೀತಿ ಇದ್ದದ್ದರಿಂದಲೇ ಅದು ತಪ್ಪೆಂದು ನನಗೆ ಹೊಳೆಯಲಿಲ್ಲ. ನಾಳೆ ಆ 22 ಅಕ್ಷರಗಳು ರೋಗ ಹರಡುವುದನ್ನು ಕರಾರುವಾಕ್ಕಾಗಿ ಹೇಳಿಯಾವು. ಆದರೆ ಬೆರಳು ದೊಡ್ಡದೋ, ತುಸು ಹೆಚ್ಚಿನ ಭರವಸೆ ದೊಡ್ಡದೋ ಎಂಬುದನ್ನು ಅವು ಹೇಳಲಾರವು. ಅದನ್ನು ಹೇಳಬಲ್ಲವರು ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನಡುವಿನ ಬಾಗಿಲು ಹಾಕಿಕೊಂಡು ಮಾತಾಡಿದವನು ನಾನು.

ಆರು ತಿಂಗಳ ಡ್ರಿಪ್ ಮುಗಿಯಿತು. ರೋಗ ಮರಳಿಲ್ಲ, ಔಷಧಿಯಿಂದಲೋ, ಇಲ್ಲದಿದ್ದರೂ ಮರಳುತ್ತಿರಲಿಲ್ಲವೋ, ಯಾರೂ ಹೇಳಲಾರರು. ತಣ್ಣೀರು ಮುಟ್ಟಿದರೆ ಚುಚ್ಚುವುದು ನಿಂತಿತು, ಬೆರಳ ತುದಿಯ ಜೋಮು ಉಳಿಯಿತು.

ಒಂದು ಸಂಜೆ ಎಲ್ಲವನ್ನೂ ಹೇಳಿಬಿಟ್ಟೆ. ಮಾವ ಬಹಳ ಹೊತ್ತು ಸುಮ್ಮನಿದ್ದರು.

‘ಕೇಳಿದ್ರೆ ಹೂಂ ಅಂತಿದ್ನೇನೋ ಕಣಪ್ಪಾ’ ಅಂದರು. ಆಮೇಲೆ, ದಾರ ಪೋಣಿಸಿಕೊಡು ಎಂಬಂತೆ, ಸೂಜಿಯನ್ನು ನನ್ನ ಕಡೆ ಚಾಚಿದರು.