ಯಾವೂರು ತಮ್ಮಾ, ಯಾರ ಪೈಕಿ?

ನಮ್ಮ ಧಾರವಾಡದ ಕಡೆ ಹೊಸಬನೊಬ್ಬ ಬಸ್ಸಿಳಿದರೆ ಕಟ್ಟೆಯ ಮೇಲೆ ಕೂತವರು ಕೇಳುವುದು ಎರಡೇ ಮಾತು. 'ಯಾವೂರು ತಮ್ಮಾ? ಯಾರ ಪೈಕಿ?' ಉತ್ತರ ಸರಿಬಂದರೆ ಚಹಾ, ಬರದಿದ್ದರೆ ಸಂಶಯ. ಪುಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಹೊಟ್ಟೆ ಹೊರೆಯುತ್ತಿರುವುದೂ ಇದೇ ಪ್ರಶ್ನೆ ಕೇಳಿ. ಕೆಲಸಕ್ಕೆ ಆಯ್ಕೆಯಾದವರ ಪದವಿ, ಹಿಂದಿನ ನೌಕರಿ, ವಿಳಾಸ, ಕೋರ್ಟು ದಾಖಲೆ ಎಲ್ಲ ತಪಾಸಣೆ ಮಾಡಿ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಿ ಕಂಪನಿಗಳಿಗೆ ವರದಿ ಕೊಡುವುದು ನನ್ನ ಕೆಲಸ.

ಈಚೆಗೆ ನವಲಗುಂದದ ಹುಡುಗನೊಬ್ಬನ ಫೈಲು ಬಂತು. 'ನಿಮ್ಮ ಮೇಲೆ ಪ್ರಕರಣ ದಾಖಲಾಗಿದೆಯೆ?' ಎಂಬಲ್ಲಿ 'ಇಲ್ಲ' ಎಂದು ಬರೆದಿದ್ದ. ಇತ್ತು. 2016ರ ಜುಲೈನದು. ಮಹದಾಯಿ ನ್ಯಾಯಮಂಡಳಿ ನಮ್ಮ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿ, ಜನ ಬೀದಿಗಿಳಿದಾಗಿನದು. ಫೋನ್ ಹಚ್ಚಿದೆ. ಕನ್ನಡ ಕೇಳಿದ್ದೇ ತಡ, "ಆಗ ಕಾಲೇಜಿನ್ಯಾಗಿದ್ದೆ ಸರ್. ಊರಿಗೂರ ರಸ್ತೇಕ್ಕ ಇಳದಿತ್ತು. ಬರದ್ರ ನೌಕರಿ ಹೊಕ್ಕೈತಿ ಅಂತ ಅಂಜಿ ಬರೀಲಿಲ್ರಿ" ಎಂದ.

ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟು ಅವತಾರ್ ಸಿಂಗ್ ಪ್ರಕರಣದ ತೀರ್ಪು ಕೊಟ್ಟಿತ್ತು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ, ಕೆಲಸ ಕೊಡುವವರು ಬೇಕಾದರೆ ಮನ್ನಿಸಬಹುದು ಎಂದು ಅದರಲ್ಲಿದೆ. ಸರಕಾರಿ ನೌಕರಿಯ ಮಾತು ಅದು, ಖಾಸಗಿ ಕಂಪನಿ ಕೇಳಲೇಬೇಕೆಂದಿಲ್ಲ. ಆದರೂ ಅದನ್ನೇ ಆಧಾರ ಹಿಡಿದು ಒಂದು ಪುಟ ಟಿಪ್ಪಣಿ ಬರೆದು ಹಳದಿ ಹಾಕಿದೆ. ಹುಡುಗನಿಗೆ ಕೆಲಸ ಸಿಕ್ಕಿತು. ನನಗೋ, ಊರಿಗೇ ಕಾಲುವೆ ತಂದಷ್ಟು ಖುಷಿ.

ಪಕ್ಕದ ಮೇಜಿನ ಮರಾಠಿ ಹುಡುಗಿ ಮೆಲ್ಲಗೆ ಕೇಳಿದಳು, "ಸರ್, ಒಡಿಶಾದ ಆ ಹುಡುಗನಿಗೆ ನೀವು ಫೋನ್ ಮಾಡಿರಲಿಲ್ಲ ಅಲ್ಲವೆ?"

ಮಾಡಿರಲಿಲ್ಲ. ಅವನದೂ ಕಾಲೇಜು ದಿನಗಳ ಗದ್ದಲದ ಕೇಸೇ, ಅವನೂ 'ಇಲ್ಲ' ಎಂದೇ ಬರೆದಿದ್ದ. ಹತ್ತು ನಿಮಿಷದಲ್ಲಿ ಕೆಂಪು ಹಾಕಿ ಚಹಾಕ್ಕೆ ಎದ್ದಿದ್ದೆ. ನವಲಗುಂದದ ಆ ಜುಲೈ ನನಗೆ ಗೊತ್ತು, ಒಡಿಶಾದ್ದು ಗೊತ್ತಿಲ್ಲ ಎಂದು ಮನಸ್ಸಿಗೆ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವುದಕ್ಕೇ ತಾನೆ ನನಗೆ ಸಂಬಳ? ಯಾರ ಪೈಕಿ ಎಂದು ನೋಡದೆ ಎಲ್ಲರಿಗೂ ಒಂದೇ ಅಳತೆ ಹಿಡಿಯಲಿ ಎಂದೇ ಈ ಫಾರಮ್ಮು, ಬಣ್ಣ ಎಲ್ಲ ಹುಟ್ಟಿದ್ದು. ನಾನು ಕರುಣೆ ಎಂದುಕೊಂಡದ್ದು ಬರೀ ಕಟ್ಟೆಯ ಮೇಲಿನ ಚಹಾ ಆಗಿತ್ತೆ? ಹಾಗೆಂದು ನವಲಗುಂದದವನಿಗೂ ಕೆಂಪು ಹಾಕಿದ್ದರೆ ನ್ಯಾಯವಾಗುತ್ತಿತ್ತು ಎನ್ನಲು ನಾಲಿಗೆ ಬಾರದು. ಇಪ್ಪತ್ತೆರಡು ವರ್ಷದ ಹಿಂದೆ 'ಮರಾಠಿ ಬರುತ್ತದೆ' ಎಂದು ಸುಳ್ಳು ಹೇಳಿಯೇ ನಾನು ಇಲ್ಲಿ ಕೆಲಸ ಗಿಟ್ಟಿಸಿದ್ದು. ನನ್ನನ್ನು ಯಾರೂ ತಪಾಸಣೆ ಮಾಡಲಿಲ್ಲ.

2023ರ ಖಾಸಗಿ ದತ್ತಾಂಶ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಕೆಲಸ ಮುಗಿದ ಮೇಲೆ ಜನರ ಮಾಹಿತಿಯನ್ನು ಇಟ್ಟುಕೊಳ್ಳುವಂತಿಲ್ಲ. ಹಳೆಯ ಫೈಲುಗಳನ್ನು ಅಳಿಸಲು ನಾವು ಈಗಿನಿಂದಲೇ ಪಟ್ಟಿ ಮಾಡುತ್ತಿದ್ದೇವೆ. ಒಡಿಶಾದವನದೂ ಅದರಲ್ಲಿದೆ. ಒಳ್ಳೆಯ ಕಾನೂನೇ. ಆದರೆ ಅವನ ಕೇಸಿನ ಜೊತೆ ನಾನು ಹಾಕಿದ ಕೆಂಪೂ ಅಳಿಸಿಹೋಗುತ್ತದೆ, ಅವನ ಫೋನ್ ನಂಬರೂ. ಅದಕ್ಕೂ ಮೊದಲು ಒಮ್ಮೆ ಮಾತಾಡಬೇಕೆಂದು ವಾರದಿಂದ ಅಂದುಕೊಳ್ಳುತ್ತಿದ್ದೇನೆ. ಏನು ಹೇಳುವುದೆಂದೇ ಹೊಳೆಯುತ್ತಿಲ್ಲ. ಹಿಂದಿಯಲ್ಲಿ ಬೇರೆ ಹೇಳಬೇಕು.